ನನ್ನ ಅಳತೆಯ ಸ್ವೆಟರ್

ಹೋದ ವರ್ಷ ಡಿಸೆಂಬರಿನ ಒಂದು ಬೆಳಗ್ಗೆ ಹಾಲು ಕಾಯಿಸುತ್ತಿದ್ದಾಗ ನನ್ನ ಸ್ವೆಟರಿನ ತೋಳಿಗೆ ಬೆಂಕಿ ತಗುಲಿತು. ಗಾಬರಿಯಾಗಬೇಡಿ, ದೊಡ್ಡದೇನೂ ಆಗಲಿಲ್ಲ. ಒಲೆಯ ಆಚೆ ಬದಿಯಲ್ಲಿದ್ದ ಕಾಫಿಪುಡಿ ಡಬ್ಬಿಗೆ ಕೈ ಚಾಚಿದೆ. ಎರಡು ಸುತ್ತು ಮಡಿಸಿಕೊಂಡಿದ್ದ ತೋಳು ಬಿಚ್ಚಿಕೊಂಡು ಉರಿಯ ಮೇಲೆ ಜೋಲಿತು. ಕೂದಲು ಸುಟ್ಟ ವಾಸನೆ ಬಂದ ಮೇಲೇ ನನಗೆ ಗೊತ್ತಾದದ್ದು. ಕ್ರಿಸ್‌ಮಸ್ ರಜೆಗೆ ಮೈಸೂರಿನಿಂದ ಬಂದಿದ್ದ ಮೊಮ್ಮಗಳು ಪುಟ್ಟಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದು ಒಂದು ಚೊಂಬು ನೀರನ್ನು ನನ್ನ ಕೈ ಮೇಲೆ, ಒಲೆಯ ಮೇಲೆ, ಹಾಲಿನ ಮೇಲೆ ಸುರಿದಳು. ಅವತ್ತು ಬೆಳಗ್ಗೆ ಕಾಫಿ ಇಲ್ಲ.

ಸ್ವೆಟರ್ ಅಸಲಿ ಉಣ್ಣೆಯದಾಗಿದ್ದರಿಂದ ಬಚಾವಾದೆ. ಉಣ್ಣೆ ಅಷ್ಟು ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಹತ್ತಿಕೊಂಡರೂ ಉರಿಯಿಂದ ದೂರ ಸರಿಸಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಸುಟ್ಟ ಜಾಗ ಕರಿ ಬೂದಿಯಾಗಿ ಉದುರುತ್ತದೆ. ಈಗ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್ ದಾರ. ಅದು ಉರಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಒಲೆ ಮುಂದೆ ನಿಲ್ಲುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಸ್ವೆಟರ್ ಅಂದೆನಲ್ಲ, ಅದು ಅಷ್ಟು ಸರಿಯಲ್ಲ. ಅದು ನಮ್ಮ ಯಜಮಾನರದು. ಕಂದು ಬಣ್ಣದ, ಮುಂದೆ ಗುಂಡಿ ಇರುವ ಸ್ವೆಟರ್. ನಾನೇ ಹೆಣೆದುಕೊಟ್ಟದ್ದು. ಅವರು ಹೋದ ಮೇಲೆ ಮೂರು ಚಳಿಗಾಲ ಅದನ್ನು ನಾನೇ ಹಾಕಿಕೊಂಡೆ. ಭುಜ ತೋಳಿನ ಅರ್ಧಕ್ಕೆ ಇಳಿಯುತ್ತಿತ್ತು, ಕೈಗಳು ಒಳಗೆಲ್ಲೋ ಕಳೆದುಹೋಗುತ್ತಿದ್ದವು. ನನಗೇನೂ ತೊಂದರೆ ಅನ್ನಿಸಿರಲಿಲ್ಲ. ಯಾರಾದರೂ "ದೊಡ್ಡದಾಯ್ತಲ್ಲ" ಅಂದರೆ ಸಿಟ್ಟು ಬರುತ್ತಿತ್ತು, ಅಷ್ಟೇ.

ಮೈಸೂರು ಸೀಮೆಯಲ್ಲಿ ಎಂಥ ಚಳಿ ಎಂದು ಕೇಳುವವರು ಸೋಮನಾಥಪುರಕ್ಕೆ ಮಾಗಿಯಲ್ಲಿ ಒಂದು ರಾತ್ರಿ ಉಳಿದು ನೋಡಬೇಕು. ಸುತ್ತ ಗದ್ದೆ, ನಾಲೆ. ಸ್ವಲ್ಪ ದೂರದಲ್ಲೇ ಕಾವೇರಿ. ಬೆಳಗಿನ ಮಂಜಿನಲ್ಲಿ ಎದುರು ಮನೆಯ ಹಸು ಕೂಗಿದ್ದು ಕೇಳುತ್ತದೆ, ಹಸು ಕಾಣುವುದಿಲ್ಲ.

ಅವತ್ತು ಮಧ್ಯಾಹ್ನ ಪುಟ್ಟಿ ತೀರ್ಮಾನ ಕೊಟ್ಟಳು: "ಅಜ್ಜಿ, ನಿನಗೆ ನಿನ್ನದೇ ಸ್ವೆಟರ್ ಹೆಣ್ಕೋಬೇಕು. ನಿನ್ನ ಪುಸ್ತಕ ಎಲ್ಲಿ?"

ನನ್ನದೊಂದು ಹಳೇ ನೋಟ್‌ಬುಕ್ ಇದೆ. ಟೀಚರ್ ಟ್ರೇನಿಂಗಿನಲ್ಲಿ ಕೈಕೆಲಸದ ಪಾಠಕ್ಕೆಂದು ಕೊಂಡದ್ದು. ಹೆಣಿಗೆ ಕಲಿಸಿದ ಮೇಡಂ, "ಯಾರಿಗೆ ಹೆಣೆದರೂ ಅಳತೆ ಬರೆದಿಟ್ಟುಕೊಳ್ಳಿ" ಎಂದಿದ್ದರು. ಅಂದಿನಿಂದ ಬರೆಯುತ್ತಾ ಬಂದಿದ್ದೇನೆ. ಅಪ್ಪ, ಅಮ್ಮ, ತಮ್ಮಂದಿರು, ಯಜಮಾನರು. ಮಗನದಂತೂ ಒಂದನೇ ತಿಂಗಳಿಂದ ಕಾಲೇಜಿನವರೆಗೆ ಏಳು ಪುಟ. ಸೊಸೆ, ಅವಳ ತಂಗಿ, ಪುಟ್ಟಿಯ ಗೊಂಬೆ. ಎದೆಸುತ್ತು, ತೋಳುದ್ದ, ಭುಜ, ಕಡ್ಡಿ ನಂಬರು, ಎಷ್ಟು ಕುಣಿಕೆ ಹಾಕಿದೆ, ಎಷ್ಟು ಗ್ರಾಂ ಹಿಡಿಯಿತು, ಎಲ್ಲವೂ.

ಪುಟ್ಟಿ ಮೊದಲಿಂದ ಕೊನೆಯವರೆಗೆ ಹಾಳೆ ತಿರುವಿದಳು. ಮತ್ತೆ ಕೊನೆಯಿಂದ ಮೊದಲಿಗೆ ತಿರುವಿದಳು.

"ನಿನ್ನ ಪುಟ ಎಲ್ಲಜ್ಜಿ?"

ಇರಲಿಲ್ಲ. ನಲವತ್ತು ವರ್ಷಕ್ಕೂ ಮಿಕ್ಕಿ ಕಡ್ಡಿ ಹಿಡಿದ ನಾನು ನನಗಾಗಿ ಒಂದನ್ನೂ ಹೆಣೆದಿರಲಿಲ್ಲ ಎಂಬುದು ನನಗೇ ಅವತ್ತು ಹೊಳೆದದ್ದು. ಯಾರೂ ಬೇಡವೆಂದಿರಲಿಲ್ಲ. ಉಲ್ಲನ್ ಉಂಡೆ ಕೈಗೆ ಬಂದಾಗ ಮನಸ್ಸಿಗೆ ಬರುತ್ತಿದ್ದುದು ಬೇರೆಯವರ ಮೈ, ಅಷ್ಟೇ.

ಮಾರನೆಯ ದಿನವೇ ಇಬ್ಬರೂ ಬಸ್ಸು ಹತ್ತಿ ಮೈಸೂರಿಗೆ ಹೋದೆವು. ದಾರಿಯಲ್ಲಿ ಬನ್ನೂರು ಸಿಗುತ್ತದೆ. "ಬನ್ನೂರು ಕುರಿ ಅಷ್ಟು ಫೇಮಸ್ಸು ಅಂತೀರ, ಮತ್ತೆ ಉಣ್ಣೆಗೆ ಮೈಸೂರಿಗ್ಯಾಕೆ ಹೋಗ್ಬೇಕು?" ಎಂದು ಪುಟ್ಟಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬನ್ನೂರು ಕುರಿಯ ಹೆಸರೆಲ್ಲ ಅದರ ಮಾಂಸಕ್ಕೆ. ಅದರ ಮೈಮೇಲಿರುವುದು ಒರಟು ಕೂದಲು, ಸ್ವೆಟರಿನ ನೂಲಿಗೆ ಆಗುವುದಿಲ್ಲ. ನಮ್ಮ ಚಳ್ಳಕೆರೆ ಕಡೆಯ ಕಂಬಳಿಯ ಉಣ್ಣೆ ಇನ್ನೊಂದು ಜಾತಿಯ ಕುರಿಯದು. ಬೆನ್ನ ಮೇಲೆ ಹೊದೆಯಲು ಅದಕ್ಕೆ ಸಮನಿಲ್ಲ. ಕತ್ತಿಗೆ ತಾಗಿದರೆ ಮಾತ್ರ ಚುಚ್ಚುತ್ತದೆ. ಮೈಸೂರಿನ ಅಂಗಡಿಯಲ್ಲಿ ನನಗೆ ಬೇಕಾದ ಮೆತ್ತನೆಯ ಉಣ್ಣೆಯೇ ಸಿಕ್ಕಿತು. ಬಣ್ಣ ಪುಟ್ಟಿ ಆರಿಸಿದ್ದು, ನವಿಲು ನೀಲಿ. 400 ಗ್ರಾಂ ಕೊಂಡೆ.

ಇನ್ನು ಅಳತೆ. ಟೇಪ್ ಹಿಡಿದು ನನ್ನನ್ನು ನಾನೇ ಅಳೆದುಕೊಳ್ಳುವುದೇ ಎಂದು ನಾಚಿಕೆಯಾಯಿತು. ನಮ್ಮ ಹೆಂಗಸರಿಗೆ ಒಂದು ಸುಲಭದ ದಾರಿ ಗೊತ್ತಲ್ಲ, ಅಳತೆ ರವಿಕೆ! ಟೈಲರ್ ಅಂಗಡಿಗೆ ಹೋದಾಗ ಮೈ ಅಳೆಸದೆ, ಸರಿಯಾಗಿ ಕೂರುವ ಒಂದು ರವಿಕೆಯನ್ನು ಕೊಟ್ಟು ಬರುತ್ತೇವೆ. ನನ್ನ ಅಳತೆ ರವಿಕೆ ಹದಿನೈದು ವರ್ಷ ಹಳೆಯದು, ಎರಡು ಸಲ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಸಿದ್ದು. ಅದನ್ನೇ ಮಂಚದ ಮೇಲೆ ಹಾಸಿ ಅಳೆದೆ. 37 ಇಂಚು. ಒಂದು ಇಂಚು ಧಾರಾಳವಾಗಿ ಸೇರಿಸಿ 38ಕ್ಕೆ ಲೆಕ್ಕ ಹಾಕಿ ಹೆಣೆಯಲು ಕುಳಿತೆ. ಹಿಂದೆಯೂ ಹೀಗೇ ಅಂದಾಜಿನಲ್ಲಿ ಎಷ್ಟೋ ಹೆಣೆದಿದ್ದೆ. ಬೆಳೆಯುವ ಮಕ್ಕಳಿಗೆ ಹೆಣೆಯುವಾಗ ಅಂದಾಜು ಹೆಚ್ಚಾದರೂ ಚಿಂತೆಯಿಲ್ಲ, ಮುಂದಿನ ವರ್ಷ ಸರಿಹೋಗುತ್ತದೆ.

ಸಂಕ್ರಾಂತಿ ಹೊತ್ತಿಗೆ ಮುಗಿಯಿತು. ಹೊಸ ಸ್ವೆಟರ್ ತೊಟ್ಟು ಎಳ್ಳು ಬೀರಲು ಹೊರಟೆ. ಗುಂಡಿ ಹಾಕಿದೆ, ಗುಂಡಿ ಗುಂಡಿಗಳ ನಡುವೆ ಸ್ವೆಟರ್ ಬಾಯಿ ಬಿಟ್ಟುಕೊಂಡಿತು. ಎರಡನೇ ಮನೆಯಲ್ಲಿ ಎಳ್ಳಿನ ತಟ್ಟೆ ಕೊಡಲು ಕೈ ಎತ್ತಿದೆ, ಮಧ್ಯದ ಗುಂಡಿ ಕಿತ್ತು ಹಾರಿ ಆ ಮನೆಯವರ ಸಕ್ಕರೆ ಅಚ್ಚುಗಳ ನಡುವೆ ಹೋಗಿ ಕೂತಿತು. ಹಬ್ಬಕ್ಕೆ ಬಂದಿದ್ದ ಪುಟ್ಟಿ ನಗು ತಡೆಯಲಾರದೆ ಬೀದಿಗೆ ಓಡಿದಳು.

ತಪ್ಪು ಎಲ್ಲಿ ಎಂದು ರಾತ್ರಿ ಕೂತು ಯೋಚಿಸಿದೆ. ರವಿಕೆ ಇರುವುದು ಮೈಗೆ ಅಂಟಿ ಕೂರಲು. ಸ್ವೆಟರ್ ಬರುವುದು ರವಿಕೆಯ ಮೇಲೆ, ಅದರ ಮೇಲಿನ ಸೀರೆಯ ಮೇಲೆ, ಎಡಭುಜದಲ್ಲಿ ನಾಲ್ಕಾರು ಮಡಿಕೆಯಾಗಿ ನಿಂತ ಸೆರಗಿನ ಮೇಲೆ. ಪುಸ್ತಕದ ನಮೂನೆಗಳಲ್ಲಿ ಈ ಸೆರಗಿನ ಲೆಕ್ಕ ಇರುವುದೇ ಇಲ್ಲ. ನಾನು ಅಳೆದದ್ದು ಹದಿನೈದು ವರ್ಷದ ಹಿಂದಿನ ನನ್ನನ್ನು, ಅದೂ ಸೀರೆ ಬಿಟ್ಟು!

ಮಾರನೆಯ ಬೆಳಗ್ಗೆ ಪುಟ್ಟಿ ದೇವಸ್ಥಾನಕ್ಕೆ ಹೋಗೋಣ ಎಂದು ಎಳೆದಳು. ಅವಳ ಸ್ಕೂಲಿನಲ್ಲಿ ಅದರ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರು. ನಮ್ಮ ಕೇಶವ ದೇವಾಲಯವನ್ನು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ. ಊರಿನ ಹೆಸರೂ ಅವನದೇ. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳ ಜೊತೆ ಇದೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬರಿಗಾಲಿಗೆ ಬೆಳಗಿನ ಕಲ್ಲು ಹಿಮದ ಹಾಗೆ ಕೊರೆಯುತ್ತಿತ್ತು. ಗೋಡೆಯ ತುಂಬ ಹಾರ, ತೋಳ್ಬಂದಿ, ಡಾಬು ತೊಟ್ಟ ವಿಗ್ರಹಗಳು. "ಪಾಪ, ಇಷ್ಟೆಲ್ಲ ಒಡವೆ ಇದೆ, ಯಾರಿಗೂ ಒಂದು ಸ್ವೆಟರ್ ಇಲ್ಲ," ಅಂದಳು ಪುಟ್ಟಿ. ಕೆಲವು ವಿಗ್ರಹಗಳ ಅಡಿಯಲ್ಲಿ ಕೆತ್ತಿದವನ ಹೆಸರಿದೆ. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ.

ಪುಟ್ಟಿ ದೇವಾಲಯದ ನಕ್ಷೆ ಬರೆದುಕೊಳ್ಳುತ್ತಿದ್ದಳು. ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಹೊರಳುತ್ತದೆ. ಕೆಳಗಿನ ಸುಮಾರು ಮೂರು ಅಡಿ ಎತ್ತರದ ಜಗತಿಯೂ ಅದೇ ಮೂಲೆಗಳನ್ನು ಹಿಡಿದು ಹೊರಳುತ್ತದೆ. ಅವಳು ಎರಡು ಗೆರೆಗಳನ್ನೂ ಹತ್ತಿರ ಹತ್ತಿರ ಎಳೆದುಬಿಟ್ಟಿದ್ದಳು.

"ಜಾಗ ಬಿಡಬೇಕಲ್ಲೇ, ಜನ ಪ್ರದಕ್ಷಿಣೆ ಬರೋದು ಹೇಗೆ?" ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು. ಜಗತಿ ಗುಡಿಯ ಆಕಾರವನ್ನೇ ಹಿಡಿದಿದೆ, ಆದರೆ ಗುಡಿಗೆ ಅಂಟಿಕೊಂಡಿಲ್ಲ. ನಡುವೆ ಓಡಾಡಲು ಜಾಗವಿದೆ. ನನ್ನ ಸ್ವೆಟರಿನಲ್ಲಿ ನಾನು ಆ ಪ್ರದಕ್ಷಿಣೆಯ ಜಾಗವನ್ನೇ ಮರೆತಿದ್ದೆ. ಯಜಮಾನರ ಸ್ವೆಟರಿನಲ್ಲಾದರೋ ಜಾಗವೇ ಎಲ್ಲ, ಒಳಗೆ ಗುಡಿಯೇ ಕಾಣುತ್ತಿರಲಿಲ್ಲ.

ಮನೆಗೆ ಬಂದು ನೀಲಿ ಸ್ವೆಟರನ್ನು ಬಿಚ್ಚಿದೆವು. ಶಿಲ್ಪಿಗೆ ಈ ಸೌಲಭ್ಯ ಇರಲಿಲ್ಲ ನೋಡಿ, ಒಂದು ಏಟು ತಪ್ಪಿದರೆ ಮುಗಿಯಿತು. ನಮಗೆ ಒಂದು ತುದಿ ಹಿಡಿದು ಎಳೆದರೆ ಸಾಕು. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ಅದ್ದಿ ನೆರಳಿಗೆ ಹಾಕಬೇಕು. ಹಾಗೆ ಮಾಡದೆ ಶ್ಯಾವಿಗೆಯಂತೆ ಸುರುಳಿಗಟ್ಟಿದ ದಾರದಲ್ಲೇ ಮತ್ತೆ ಹೆಣೆದರೆ ಅಳತೆ ಮೋಸ ಮಾಡುತ್ತದೆ.

ಈ ಸಲ ಅಳೆದದ್ದು ಪುಟ್ಟಿ. ತನ್ನನ್ನು ತಾನೇ ಅಳೆದುಕೊಳ್ಳಲು ಹೋದರೆ ಕೈ ಎತ್ತಬೇಕಾಗುತ್ತದೆ, ಟೇಪ್ ಹಿಂದೆ ಜಾರುತ್ತದೆ. ಇನ್ನೊಬ್ಬರ ಕೈಯಲ್ಲಿ ಅಳೆಸುವುದೇ ಸರಿ. ದಿನಾ ಉಡುವ ಸೀರೆ ಉಟ್ಟು, ಸೆರಗು ಹಾಕಿಕೊಂಡು ನಿಂತೆ.

"ಅಜ್ಜಿ, ಉಸಿರು ಬಿಡು."

"ಬಿಟ್ಟಿದ್ದೀನಲ್ಲೇ."

"ಇಲ್ಲ, ಹೊಟ್ಟೆ ಒಳಗೆ ಎಳ್ಕೊಂಡಿದ್ದೀಯ."

ಎಳೆದುಕೊಂಡಿದ್ದೆ. ಅರವತ್ತೇಳು ವರ್ಷದವಳು, ಮೊಮ್ಮಗಳ ಮುಂದೆ! ಉಸಿರು ಬಿಟ್ಟೆ. 40 ಇಂಚು. "39 ಅಂತ ಬರಿ" ಅಂದೆ. ಅವಳು ನನ್ನ ಮುಖ ನೋಡಿ 40 ಎಂದೇ ಬರೆದಳು.

ಇನ್ನು ಎಷ್ಟು ಸಡಿಲ ಬಿಡಬೇಕು? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಒಬ್ಬರಿಗೆ ಬಿಗಿ ಇಷ್ಟ, ಒಬ್ಬರಿಗೆ ಜೋಲು ಇಷ್ಟ. ಹಾಗಾಗಿ ನಿಮಗೆ ಹಾಕಿಕೊಂಡಾಗ ಹಾಯೆನಿಸುವ ಒಂದು ಸ್ವೆಟರನ್ನು ನೆಲದ ಮೇಲೆ ಎಳೆಯದೆ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ ನೋಡಬೇಕು. ನನ್ನಲ್ಲಿ ಇದ್ದದ್ದು ಕಂದು ಬಣ್ಣದ್ದೇ. 23 ಇಂಚು, ಅಂದರೆ ಸುತ್ತಳತೆ 46. ನನಗೆ ಅದರ ಸಡಿಲ ಹಿತವಾಗಿತ್ತು ಎಂಬುದು ನಿಜ. ಆದರೆ ಅಷ್ಟೂ ಬೇಕಿರಲಿಲ್ಲ. 44 ಸಾಕು ಎಂದು ತೀರ್ಮಾನಿಸಿದೆವು.

ಆದರೆ ಅದೇ ಸ್ವೆಟರಿನ ಭುಜ ಅಳೆದಾಗ 18 ಇಂಚು ಬಂತು. ನನ್ನ ಭುಜ, ಈ ಮೂಳೆಯಿಂದ ಆ ಮೂಳೆಗೆ, ಹದಿನಾಲ್ಕೂವರೆ. ಇಲ್ಲೇ ತುಂಬ ಜನ ಎಡವುವುದು. ವಯಸ್ಸಾದಂತೆ ಎದೆ, ಹೊಟ್ಟೆ, ಸೊಂಟ ಅಗಲವಾಗುತ್ತವೆ. ಭುಜದ ಮೂಳೆ ಅಗಲವಾಗುವುದಿಲ್ಲ, ಬೆನ್ನು ಬಾಗಿ ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಎದೆಸುತ್ತು ಒಂದನ್ನೇ ನೋಡಿ ದೊಡ್ಡ ಸೈಜು ಆರಿಸಿದರೆ ಭುಜವೂ ದೊಡ್ಡದಾಗಿ ಬಂದು ತೋಳು ಇಳಿಬೀಳುತ್ತದೆ. ಭುಜಕ್ಕೆ ಭುಜದ ಅಳತೆ, ಎದೆಗೆ ಎದೆಯ ಅಳತೆ ಎಂದು ಬೇರೆ ಬೇರೆ ಲೆಕ್ಕ ಹಿಡಿಯಬೇಕು. ಅಂಗಡಿಯ ಸ್ವೆಟರಿನಲ್ಲಿ ಇದು ಆಗದ ಮಾತು. ಕೈಹೆಣಿಗೆಯಲ್ಲಿ ಆಗುತ್ತದೆ, ಅದಕ್ಕೇ ಅಲ್ಲವೇ ಇಷ್ಟು ಕಷ್ಟಪಡುವುದು!

ಮಕ್ಕಳೇ, ಈಗ ನಿಮ್ಮ ಗಣಿತ ಬರುತ್ತದೆ. ಪುಟ್ಟಿಯೇ ಮಾಡಿದ ಲೆಕ್ಕ ಇದು. ಮೊದಲು ಒಂದು ಮಾದರಿ ತುಂಡು ಹೆಣೆಯಬೇಕು. ನಾನು 9ನೇ ನಂಬರಿನ ಕಡ್ಡಿಯಲ್ಲಿ ಹೆಣೆದೆ. (ಹಳೇ ಲೆಕ್ಕದ ನಂಬರಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಈಗಿನ ಕಡ್ಡಿಗಳಲ್ಲಿ ಮಿಲಿಮೀಟರ್ ಬರೆದಿರುತ್ತದೆ. ನನ್ನ 9 ಅಂದರೆ 3.75.) ತುಂಡಿನ ನಡುವೆ ನಾಲ್ಕು ಇಂಚು ಅಳೆದು ಕುಣಿಕೆ ಎಣಿಸಿದಾಗ 23 ಬಂತು. ಸಾಕು, ಶುರು ಮಾಡೋಣ ಅಂದಳು. "ತಾಳು, ಮೊದಲು ಒಗೆಯೋಣ" ಎಂದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಟವೆಲಿನಲ್ಲಿ ಒತ್ತಿ, ಹಾಸಿ ಒಣಗಿಸಿ ಮತ್ತೆ ಎಣಿಸಿದಾಗ 22. ಉಣ್ಣೆ ಕೊಂಚ ಬಿಡಿಸಿಕೊಂಡಿತ್ತು.

ಒಂದೇ ಒಂದು ಕುಣಿಕೆ ತಾನೇ ಎನ್ನಬೇಡಿ. ನಾಲ್ಕು ಇಂಚಿಗೆ 22 ಅಂದರೆ ಒಂದು ಇಂಚಿಗೆ ಐದೂವರೆ. ಬೆನ್ನಿನ ಭಾಗ 22 ಇಂಚು ಬೇಕು, ಹಾಗಾಗಿ 121 ಕುಣಿಕೆ. ಒಗೆಯುವ ಮೊದಲಿನ 23ನ್ನೇ ನಂಬಿದ್ದರೆ 126 ಅಥವಾ 127 ಹಾಕುತ್ತಿದ್ದೆವು. ಒಗೆದ ಮೇಲೆ ಬೆನ್ನು 23 ಇಂಚು, ಎದುರು ಭಾಗವೂ 23, ಒಟ್ಟು 46. ಮೊದಲ ಒಗೆತಕ್ಕೇ ಎರಡು ಇಂಚು ಹೆಚ್ಚು! ನಾವು 121ನ್ನು ಸಮಸಂಖ್ಯೆ ಮಾಡಿ 122 ಹಾಕಿದೆವು. ಭುಜಕ್ಕೆ ಹದಿನಾಲ್ಕೂವರೆ ಇಂಚು, ಅಂದರೆ ಸುಮಾರು 80 ಕುಣಿಕೆ. ಉಳಿದ 42ನ್ನು ಎರಡು ಕಂಕುಳಲ್ಲಿ 21ರಂತೆ ಕಡಿಮೆ ಮಾಡುತ್ತಾ ಹೋದರೆ ಭುಜ ಸರಿಯಾಗಿ ಭುಜದ ಮೇಲೆ ಕೂರುತ್ತದೆ. ಪುಟ್ಟಿ ಲೆಕ್ಕ ಮುಗಿಸಿ, "ಇದು ನಮ್ಮ ಮ್ಯಾಥ್ಸ್ ಪುಸ್ತಕದಲ್ಲಿ ಯಾಕಿಲ್ಲ?" ಎಂದಳು. ನಾನೂ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ತ್ರೈರಾಶಿಗೆ ಮಾವಿನಹಣ್ಣಿನ ಬೆಲೆಯನ್ನೇ ಕೇಳಿದ್ದೇನೆ ಹೊರತು ಒಂದು ದಿನವೂ ಸ್ವೆಟರ್ ಕೇಳಲಿಲ್ಲ.

ತೋಳಿನ ಉದ್ದಕ್ಕೆ ನಾನೇ ಒಂದು ನಿರ್ಧಾರ ಮಾಡಿದೆ. ಮೊಣಕೈ ಸ್ವಲ್ಪ ಮಡಿಸಿ ಭುಜದ ತುದಿಯಿಂದ ಮಣಿಕಟ್ಟಿನವರೆಗೆ ಅಳೆಯುವುದು ಕ್ರಮ. ನಾನು ಮಣಿಕಟ್ಟಿಗಿಂತ ಎರಡು ಇಂಚು ಮೇಲಕ್ಕೇ ನಿಲ್ಲಿಸಿದೆ, ಬಳೆಗಿಂತ ಮೇಲೆ. ಪಾತ್ರೆ ತೊಳೆಯುವಾಗ ನೆನೆಯುವುದಿಲ್ಲ, ಒಲೆ ಮುಂದೆ ಜೋಲುವುದಿಲ್ಲ. ತಲೆಯ ಮೇಲಿಂದ ಹಾಕುವ ಸ್ವೆಟರ್ ಬೇಡವೇ ಬೇಡ. ತುರುಬೂ ಕೆಡುತ್ತದೆ, ಸೆರಗೂ ಕೆಡುತ್ತದೆ. ಸೀರೆ ಉಡುವವರಿಗೆ ಮುಂದೆ ತೆರೆಯುವುದೇ ಒಳ್ಳೆಯದು.

400 ಗ್ರಾಂ ಸಾಲಲಿಲ್ಲ. ಇನ್ನೊಂದು 100 ತರಿಸಿದಾಗ ಬೇರೆ ಲಾಟಿನದು ಬಂತು, ಅದೇ ನೀಲಿ ಎಂದರೂ ಕಣ್ಣಿಗೆ ಒಂದು ಚೂರು ಕಪ್ಪು. ಅದನ್ನು ಕತ್ತಿನ ಪಟ್ಟಿ, ತೋಳಿನ ಅಂಚು, ಗುಂಡಿಯ ಪಟ್ಟಿಗೆ ಮಾತ್ರ ಹಾಕಿದೆ. ನೋಡಿದವರು ಬೇಕೆಂದೇ ಮಾಡಿದ್ದು ಅಂದುಕೊಂಡರು. ನಾನೂ ಹೌದೆಂದೆ.

ಸ್ವೆಟರ್ ಮುಗಿದದ್ದು ಶಿವರಾತ್ರಿಗೆ, ಚಳಿ ಶಿವಶಿವಾ ಎಂದು ಹೊರಟುಹೋಗುವ ಹೊತ್ತಿಗೆ! ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ಕಂದು ಸ್ವೆಟರಿನ ಸುಟ್ಟ ತೋಳನ್ನು ಅಂಚಿನಿಂದ ಬಿಚ್ಚಿ, ಒಳ್ಳೆಯ ದಾರ ಸಿಗುವಲ್ಲಿಂದ ಮತ್ತೆ ಹೆಣೆದು ಮುಗಿಸಿದೆ. ಒಂದು ತೋಳು ಈಗ ಇನ್ನೊಂದಕ್ಕಿಂತ ಗಿಡ್ಡ. ಅದು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ.

ಈ ವರ್ಷ ಮಾಗಿ ಬಂತು. ಮೊದಲ ಮಂಜಿನ ದಿನ ನೀಲಿ ಸ್ವೆಟರ್ ತೊಟ್ಟು ಕೈ ಎತ್ತಿದೆ, ಬಗ್ಗಿದೆ, ರಂಗೋಲಿ ಹಾಕಿದೆ. ಭುಜ ಭುಜದ ಮೇಲಿತ್ತು. ಶನಿವಾರ ಬಂದ ಪುಟ್ಟಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು. ಆಮೇಲೆ ಎದುರು ನಿಂತು ತನ್ನ ಸ್ವೆಟರ್ ನೋಡಿಕೊಂಡಳು, ಮತ್ತೆ ನನ್ನದನ್ನು ನೋಡಿದಳು.

"ಅಜ್ಜಿ, ಗುಂಡಿ ಉಲ್ಟಾ ಇದೆ."

ಹೆಂಗಸರ ಸ್ವೆಟರಿನಲ್ಲಿ ಗುಂಡಿಯ ಕಾಜ ಬಲಗಡೆಗೆ, ಗಂಡಸರದರಲ್ಲಿ ಎಡಗಡೆಗೆ. ಅಷ್ಟೆಲ್ಲ ಲೆಕ್ಕ ಹಾಕಿ ಹೆಣೆದ ನನ್ನ ಸ್ವೆಟರಿನಲ್ಲಿ ಕಾಜ ಎಡಗಡೆ ಇದ್ದವು. ಅವರಿಗೆ ಹೆಣೆದು ಹೆಣೆದು ಕೈ ತನ್ನಷ್ಟಕ್ಕೆ ತಾನು ಅತ್ತ ಹೋಗಿತ್ತು.

"ಬಿಚ್ಚೋಣವಾ?" ಎಂದಳು. ಪಟ್ಟಿ ಮಾತ್ರ ಬಿಚ್ಚಿದರೆ ಎರಡು ದಿನದ ಕೆಲಸ.

"ಬೇಡ, ಇರಲಿ ಬಿಡು" ಎಂದು ಎಡಗಡೆಯಿಂದಲೇ ಗುಂಡಿ ಹಾಕಿಕೊಂಡು ಹಾಲು ಕಾಯಿಸಲು ಹೋದೆ.